ಗಾಳಿಯ ಲೆಕ್ಕ

ಉಪ್ಪಳದ ಸಭೆಗೆ ಖಜಾಂಚಿ ನಾನು, ಹೊಸಿಯಾ ಸಾಲಿನ್ಸ್.
ಬರುವ ಭಾನುವಾರ ಆರಾಧನೆ ಮುಗಿದ ಮೇಲೆ
ಆರ್ಗನ್ನಿನ ಲೆಕ್ಕ ಒಪ್ಪಿಸಬೇಕು.
ಒಪ್ಪಿಸುತ್ತೇನೆ. ಆದರೆ ಕೆಲವು ಬಾಬ್ತು
ಯಾವ ಕಲಮಿಗೂ ಕೂಡಿ ಬರುತ್ತಿಲ್ಲ.

ಹಡಗಿನಲ್ಲಿ ಬಂದಾಗ ಕೊಳವೆ ಇನ್ನೂರ ಹನ್ನೆರಡಂತೆ.
ಇಳಿಸಿ, ಒರೆಸಿ, ಹೊರಗಿನ ಜಗಲಿಯಲ್ಲಿ
ಚಾಪೆ ಹಾಸಿ ಮಲಗಿಸಿ ಎಣಿಸಿದೆವು:
ನೂರ ಮೂವತ್ತೊಂಬತ್ತು.
ಒಂದರ ಕೊರಳಲ್ಲಿ ಕಣಜದ ಮಣ್ಣುಗೂಡು,
ಇನ್ನೊಂದರಲ್ಲಿ ಹತ್ತು ಪೈಸೆ, ಯಾವ ಮಗುವಿನ ಕೈಯಿಂದಲೋ
ಕಾಣಿಕೆ ಚೀಲಕ್ಕೆ ತಪ್ಪಿಸಿಕೊಂಡದ್ದು.
ಜಮೆಗೆ ಹಿಡಿದಿದ್ದೇನೆ.
ಆಳೆತ್ತರದ ಮರದ ಕೊಳವೆಗಳನ್ನು, ಆ ಮಂದ್ರವನ್ನೆಲ್ಲ
ಒರಲೆ ತಿಂದು ಮುಗಿಸಿತ್ತು. ಮುಟ್ಟಿದರೆ
ಬೂದಿಯಂತೆ ಕೈಗೆ ಬಂತು ಕೆಳಗಿನ ಷಡ್ಜ.

ಹಾಗಾಗಿ ತಗ್ಗಿನದು ಇನ್ನು ಪೆಟ್ಟಿಗೆಯ ಪಾಲು,
ಏರಿನದು ತವರದ ಪಾಲು ಎಂದು
ಮಂಗಳೂರಿನಿಂದ ಬಂದ ಪ್ರಫುಲ್ಲಾ ಮಾಬೆನ್
ಆಸ್ತಿ ಅಳೆಯುವ ಅಮೀನನಂತೆ ಗೀಟು ಹಾಕಿದಳು.
ಪ್ರಸಂಗಪೀಠದ ಹಿಂದೆ ಸ್ಪೀಕರು ಎರಡು.
ವಯರು ಎಳೆದವನು ಅಂದುಂಞಿ,
ಪಳ್ಳಿಯ ಮೈಕು ನೋಡುವವನೂ ಅವನೇ.
"ಸಾಲಿನ್ಸರೇ, ಗುನುಗುವುದಕ್ಕೆಂದು
ಸ್ಪೀಕರು ಕಟ್ಟಿದ್ದು ಇದೇ ಮೊದಲು" ಎಂದು ನಕ್ಕ.
ಕೂಲಿ ಅರ್ಧವೇ ತೆಗೆದುಕೊಂಡ.
ಉಳಿದರ್ಧ ಎಲ್ಲಿ ಬರೆಯಲಿ?

ತಿದಿಯ ಚರ್ಮ ಕುಂಬಳೆಯ ಮದ್ದಳೆ ಕಟ್ಟುವವನದು.
"ಕರಣೆ ಹಾಕಲೋ?" ಕೇಳಿದ ಪೂವಪ್ಪ, ಬೆರಳಿಂದ ಮೀಟಿ.
ಬೇಡ ಮಾರಾಯ, ಇದಕ್ಕೆ ಪೆಟ್ಟು ಬೀಳುವುದಿಲ್ಲ,
ಉಸಿರು ಹಿಡಿದರೆ ಸಾಕು.
ಸ್ವಲ್ಪ ಹೊತ್ತು ಯೋಚಿಸಿ ಬಿಲ್ಲಿನಲ್ಲಿ ಬರೆದ:
'ದೊಡ್ಡ ಮದ್ದಳೆ, ಒಂದು. ಶಬ್ದವಿಲ್ಲದ್ದು.'

ಎರಡನೆಯ ದಿನ ಮಧ್ಯಾಹ್ನ ಜಗಳ.
ಬೆಳಿಗ್ಗೆ ಒಂದೇ ಬಾಯಾಗಿ ಹಾಡಿದ ತವರವೂ ಪೆಟ್ಟಿಗೆಯೂ
ಎರಡು ಗಂಟೆಗೆ ಮುಖ ತಿರುಗಿಸಿದವು.
ಮೇ ತಿಂಗಳು. ಮಾಡಿನ ಹಂಚು ಕಾದು, ಒಳಗಿನ ಗಾಳಿ ಕಾದು
ಕೊಳವೆಯ ಸ್ವರ ಕೂದಲೆಳೆಯಷ್ಟು ಮೇಲೇರಿದೆ;
ಪೆಟ್ಟಿಗೆಗೆ ಸೆಕೆಯೇ ಇಲ್ಲ, ಬೆಳಗಿನಲ್ಲೇ ಕೂತಿದೆ.
ನಡುವೆ ಒಂದು ನಡುಕ, ಹಲ್ಲಿಗೆ ಹುಳಿ ತಾಗಿದ ಹಾಗೆ.
ಪ್ರಫುಲ್ಲಾ ಕೊಳವೆಗಳ ಸಂದಿಯಲ್ಲಿ
ಗೇರುಬೀಜದಷ್ಟು ಒಂದು ತಾಪಮಾಪಕ ನೇತುಹಾಕಿದಳು.
ಅದು ಹೇಳಿದಷ್ಟು ಇದು ಏರುತ್ತದೆ ಈಗ.
ಪೆಟ್ಟಿಗೆಗೆ ಬೆವರು ಕಲಿಸಿದ ಬಾಬ್ತು: ಮುನ್ನೂರ ನಲವತ್ತು.

ಬ್ಲೋವರಿನ ಬಿಲ್ಲು ಕೊಚ್ಚಿಯದು, ಮಲಯಾಳದಲ್ಲಿದೆ.
ಹಿಂಬದಿಗೆ ಪೆನ್ಸಿಲಿನಲ್ಲಿ ಮಗಳು ಕನ್ನಡ ಬರೆದುಕೊಟ್ಟಳು:
'ಗಾಳಿ ಯಂತ್ರ. ಐದು ವರ್ಷ ಗ್ಯಾರಂಟಿ.'

ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು
ತಿಂಗಳು ತಿಂಗಳೂ ಬರುತ್ತದೆ:
'ತಿದಿ ಒತ್ತುವ ಎಲಿಷಾ ಜತ್ತನ್ನನಿಗೆ, ಹದಿನೆಂಟು.'
ನಲವತ್ತೊಂದು ವರ್ಷ.
ಆರು ದಿನ ಹಂಚಿನ ಕಾರ್ಖಾನೆಯ ಕೆಸರು ತುಳಿದು
ಏಳನೆಯ ದಿನ ಪರದೆಯ ಹಿಂದೆ ನಿಲ್ಲುತ್ತಿದ್ದ.
ಅವನ ಮುಖ ನೋಡಿ ಹಾಡಿದವರಿಲ್ಲ.
ನಾಲ್ಕನೆಯ ಚರಣದ ಹೊತ್ತಿಗೆ ರಟ್ಟೆ ಸೋತು
ಗಾಳಿ ಕುಸಿಯುತ್ತಿತ್ತು, ಆರ್ಗನ್ನು ನರಳುತ್ತಿತ್ತು,
ನಾವು ಸಾಲಿನ ನಡುವೆಯೇ ತಡೆದು
ಅವನನ್ನು ಕಾಯುತ್ತಿದ್ದೆವು.

ಬ್ಲೋವರು ದಣಿಯುವುದಿಲ್ಲ.
ಕಳೆದ ವಾರ ಪರೀಕ್ಷೆಗೆಂದು ನುಡಿಸಿದಾಗ
ನಾಲ್ಕನೆಯ ಚರಣದಲ್ಲಿ ಆರ್ಗನ್ನು ಮುಂದೆ ಹೋಯಿತು,
ಸಭೆ ಹಿಂದೆ ಉಳಿಯಿತು.
ಎಲಿಷಾ ಸತ್ತ ಮೇಲೆ ಹುಟ್ಟಿದ ಮಕ್ಕಳೂ
ಅದೇ ಪದದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು.
ಪ್ರಫುಲ್ಲಾ ಕೈ ಎತ್ತಿ ತಿರುಗಿ ನೋಡಿದಳು,
ತನ್ನದೇನು ತಪ್ಪು ಎಂಬಂತೆ.
ನಿನ್ನದಲ್ಲ ಮಗಳೇ. ಅಲ್ಲಿ ಸ್ವಲ್ಪ ಕಾಯಬೇಕು.
ಎಷ್ಟು, ಎಂದಳು, ಯಂತ್ರಕ್ಕೆ ಬರೆಯಲು ಪೆನ್ನು ಹಿಡಿದು.
ಹೇಗೆ ಹೇಳಲಿ? ಒಬ್ಬ ಮನುಷ್ಯ
ಹಿಡಿಯನ್ನು ಕೆಳಗಿಂದ ಮತ್ತೆ
ಮೇಲಕ್ಕೆ ತರುವಷ್ಟು.